ಸಂಘದ ನಾಲಿಗೆ ಉದ್ದ ಸಾಲದು

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಅದರ ಪ್ರಕಾರ ಒಂದು ಸಂಘ ಕಟ್ಟಲು ಏಳು ಮಂದಿ ಇದ್ದರೆ ಸಾಕು. ಕಾಯ್ದೆ ಬರೆದವರು ಕಲಬುರಗಿಯ ಯಾವುದಾದರೂ ಹೊಸ ಬಡಾವಣೆಯಲ್ಲಿ ಒಂದು ಸಂಜೆ ಬಂದು ಕೂತಿದ್ದರೆ ಇನ್ನೊಂದು ಸಾಲು ಸೇರಿಸುತ್ತಿದ್ದರು. ಆ ಏಳರಲ್ಲಿ ಒಬ್ಬರಾದರೂ ಬರೀ ಸದಸ್ಯರಾಗಿರತಕ್ಕದ್ದು, ಅಂತ.

ನಮ್ಮ ಬಡಾವಣೆ ರಿಂಗ್ ರೋಡ್ ದಾಟಿದ ಮೇಲೆ ಸೇಡಂ ರಸ್ತೆಯ ಕಡೆ ಬರುತ್ತದೆ. ನಮ್ಮ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದಲ್ಲಿ ಗೌರವಾಧ್ಯಕ್ಷರಿದ್ದಾರೆ, ಅಧ್ಯಕ್ಷರಿದ್ದಾರೆ, ಕಾರ್ಯಾಧ್ಯಕ್ಷರಿದ್ದಾರೆ. ಹಿರಿಯ ಉಪಾಧ್ಯಕ್ಷರು, ಕಿರಿಯ ಉಪಾಧ್ಯಕ್ಷರು ಬೇರೆ. ಆಮೇಲೆ ಪ್ರಧಾನ ಕಾರ್ಯದರ್ಶಿ ಮತ್ತು ಖಜಾಂಚಿ. ಅಲ್ಲಿಗೆ ಏಳಾಯಿತು. ಎಂಟನೆಯವರು ಸೇರಿದ ದಿನ ಅವರನ್ನು ಸಂಘಟನಾ ಕಾರ್ಯದರ್ಶಿ ಮಾಡಿದೆವು. ಯಾರನ್ನು ಸಂಘಟಿಸಬೇಕು ಅಂತ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಎಲ್ಲ ಹುದ್ದೆಗೂ ಪೈಪೋಟಿ ಇತ್ತು, ಖಜಾಂಚಿಗೆ ಮಾತ್ರ ಇರಲಿಲ್ಲ. ಮನೆಮನೆಗೆ ಹೋಗಿ ದುಡ್ಡು ಕೇಳುವ ಕೆಲಸ ಯಾರಿಗೆ ಬೇಕು? ಹಾಗಾಗಿ ಸಭೆಗೆ ಬಾರದವರ ಹೆಸರು ಬರೆದೆವು. ಪಾಪ, ಅವರು ಹುಮನಾಬಾದಿಗೆ ಮದುವೆಗೆ ಹೋಗಿದ್ದರು. ತಿರುಗಿ ಬರುವಷ್ಟರಲ್ಲಿ ಬ್ಯಾಂಕಿನ ಫಾರಂ ಮೇಲೆ ಅವರ ಸಹಿಗೆ ಗುರುತು ಹಾಕಿ ಇಟ್ಟಿದ್ದರು. ಈಗ ಅವರು ಯಾವ ಸಭೆಯನ್ನೂ ತಪ್ಪಿಸುವುದಿಲ್ಲ. ಇನ್ನೇನು ಹುದ್ದೆ ಕೊಟ್ಟುಬಿಡುತ್ತಾರೋ ಅನ್ನುವ ಭಯ.

ಸಂಘ ಹುಟ್ಟಿದ್ದು ನಾಲಿಗಾಗಿ. ನಾಲಿ ಅಂದರೆ ಚರಂಡಿ. ಮಳೆಗಾಲದಲ್ಲಿ ಮೂರನೇ ಅಡ್ಡರಸ್ತೆಯ ನೀರೆಲ್ಲ ನಾಲ್ಕನೇ ಅಡ್ಡರಸ್ತೆಯ ಅಂಗಳಕ್ಕೆ ಬರುತ್ತಿತ್ತು. ಒಬ್ಬೊಬ್ಬರೇ ಹೋಗಿ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಸಂಘ ಮಾಡಿಕೊಂಡು ಹೋಗಿ ಅಂತ ಒಬ್ಬ ಅನುಭವಿ ಹೇಳಿದರು. ಸರಿ, ಸಂಘ ಆಯಿತು. ಮೊದಲ ಸಭೆಯಲ್ಲಿ ಲೆಟರ್‌ಹೆಡ್ ಆಯಿತು. ಎರಡನೇ ಸಭೆಯಲ್ಲಿ ಶಿಕ್ಕಾ ಆಯಿತು, ದುಂಡಗಿರಬೇಕೋ ಚೌಕಾಗಿರಬೇಕೋ ಅನ್ನುವ ಚರ್ಚೆ ಸೇರಿ. ಆಮೇಲೆ ಬೋರ್ಡು.

ಆ ಬೋರ್ಡಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಡಾವಣೆಯ ಬಾಯಲ್ಲಿ ಎರಡು ಕಬ್ಬಿಣದ ಕಂಬ, ನಡುವೆ ದೊಡ್ಡ ತಗಡು. ಮೇಲೆ ‘ಸುಸ್ವಾಗತ’. ಕೆಳಗೆ ಪದಾಧಿಕಾರಿಗಳ ಹೆಸರು, ಫೋಟೊ ಸಮೇತ. ಎಡಕ್ಕೆ ಅಧ್ಯಕ್ಷರು, ಬಲಕ್ಕೆ ಹಿರಿಯ ಉಪಾಧ್ಯಕ್ಷರು. ಬಡಾವಣೆಯ ಹೆಸರು ಮೂಲೆಯಲ್ಲಿ ಸಣ್ಣಗೆ, ಜಾಗ ಉಳಿದಲ್ಲಿ. ಪಾರ್ಸೆಲ್ ತರುವ ಹುಡುಗರು ಈಗಲೂ ಬೋರ್ಡಿನ ಕೆಳಗೇ ನಿಂತು ಫೋನ್ ಮಾಡುತ್ತಾರೆ: “ಸರ್, ನಿಮ್ ಲೇಔಟ್ ಎಲ್ಲಿ ಅದ್ರಿ?”

ನಮ್ಮದು ಎರೆಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಮನೆಗೇ ಪಾಯ ಆಳವಾಗಿ ಹಾಕಬೇಕು ಅಂತ ಇಲ್ಲಿನ ಗೌಂಡಿಗೆಲ್ಲ ಗೊತ್ತು. ಬೋರ್ಡಿಗೆ ಅಷ್ಟು ಯಾರು ತೋಡುತ್ತಾರೆ? ಎರಡು ಮಳೆ ಬಿತ್ತು. ಎಡಗಡೆಯ ಕಂಬ ಇಳಿಯಿತು. ಹಿರಿಯ ಉಪಾಧ್ಯಕ್ಷರು ಅಧ್ಯಕ್ಷರಿಗಿಂತ ಒಂದು ಗೇಣು ಮೇಲೆ ಹೋದರು.

ಅವತ್ತೇ ರಾತ್ರಿ ತುರ್ತು ಸಭೆ. ನಾಲಿ ಸಲುವಾಗಿ ಅಷ್ಟು ಜನ ಯಾವತ್ತೂ ಸೇರಿರಲಿಲ್ಲ. ಇದು ಮಳೆಯ ಕೆಲಸ ಅಲ್ಲ, ಯಾರೋ ಬೇಕೆಂದೇ ಮಾಡಿದ್ದು ಅಂತ ಅಧ್ಯಕ್ಷರ ಕಡೆಯವರು. ದೇವರ ಇಚ್ಛೆ ಹೇಗಿದೆಯೋ ಹಾಗೆ ಅಂತ ಉಪಾಧ್ಯಕ್ಷರ ಕಡೆಯವರು. ಇಬ್ಬರ ಚಪ್ಪಲಿಗೂ ಹೊರಗಿನ ಕೆಸರು ಮೆತ್ತಿತ್ತು. ಬೈಕಿನ ಮಡ್‌ಗಾರ್ಡ್ ಒಳಗೆ ಎರೆಮಣ್ಣು ತುಂಬಿ ಗಾಲಿ ತಿರುಗದೆ, ಅಧ್ಯಕ್ಷರು ಬೈಕನ್ನು ದಾರಿಯಲ್ಲೇ ಬಿಟ್ಟು ಸಭೆಗೆ ನಡೆದು ಬಂದಿದ್ದರು. ಕಡ್ಡಿ ಹಾಕಿ ಕೆದರಿದ ಮಣ್ಣು ಅವರ ಉಗುರಿನಲ್ಲಿತ್ತು. ರಸ್ತೆಯ ಮಾತು ಮಾತ್ರ ಬರಲಿಲ್ಲ. ಕೊನೆಗೆ ಎಡಗಂಬದ ಕೆಳಗೆ ಶಹಾಬಾದ್ ಪರಸಿಕಲ್ಲಿನ ಎರಡು ತುಂಡು ಇಡಬೇಕು ಅಂತ ಠರಾವಾಯಿತು. ಮುಂದಿನ ಮಳೆಗೆ ಬಲಗಂಬವೂ ಇಳಿಯಿತು ಅನ್ನಿ. ಈಗ ಅಧ್ಯಕ್ಷರು ಎರಡು ಪರಸಿಯಷ್ಟು ಎತ್ತರ.

ಇನ್ನು ಪಟ್ಟಿ, ಅಂದರೆ ವಂತಿಗೆ. ಮನೆಗೆ ವರ್ಷಕ್ಕೆ 600 ರೂಪಾಯಿ ಅಂತ ಹಾಕಿದ್ದೇವೆ. ತಿಂಗಳ ಲೆಕ್ಕ ಹಿಡಿದರೆ 50 ರೂಪಾಯಿ. ಅಷ್ಟರಲ್ಲಿ ಇಬ್ಬರಿಗೆ ಮಿರ್ಚಿ, ಚಹಾ ಆಗುವುದೂ ಕಷ್ಟ. ಆದರೆ ಈ 600ರ ಹಿಂದೆ ಖಜಾಂಚಿ ಸವೆಸಿದ ಚಪ್ಪಲಿಯ ಬೆಲೆ ಅದಕ್ಕಿಂತ ಜಾಸ್ತಿ. ಒಬ್ಬರ ಮನೆಯಲ್ಲಿ “ಸಾಹೇಬ್ರು ಇಲ್ರಿ” ಅನ್ನುತ್ತಾರೆ, ಒಳಗಿನಿಂದ ಸಾಹೇಬರ ಕೆಮ್ಮು ಕೇಳುತ್ತದೆ. ಇನ್ನೊಬ್ಬರು “ಮೊದ್ಲ ಲೈಟ್ ಹಾಕ್ಸ್ರಿ, ಆಮ್ಯಾಲ ರೊಕ್ಕಾ ಕೇಳ್ರಿ” ಅನ್ನುತ್ತಾರೆ. ಲೈಟ್ ಹಾಕಿಸಲಿಕ್ಕೇ ರೊಕ್ಕ ಕೇಳುತ್ತಿರುವುದು ಅಂದರೆ, “ಹಂಗಾರ ಸಂಘ ಯಾಕ ಬೇಕ್ರಿ?”

ಹೀಗಿರುವಾಗ ಕಳೆದ ವಾರ್ಷಿಕ ಸಭೆಯಲ್ಲಿ ಒಬ್ಬ ನಿವೃತ್ತರು ಎದ್ದು ನಿಂತು ಜಿಎಸ್‌ಟಿಯ ಪ್ರಶ್ನೆ ತೆಗೆದರು. ನಿವಾಸಿಗಳ ಸಂಘಕ್ಕೆ ಸದಸ್ಯರು ತಿಂಗಳಿಗೆ ಕೊಡುವ ಹಣ 7,500 ರೂಪಾಯಿ ದಾಟದಿದ್ದರೆ ತೆರಿಗೆ ಇಲ್ಲ. ಮೊದಲು ಈ ಮಿತಿ 5,000 ಇತ್ತು, 2018ರ ಜನವರಿಯಲ್ಲಿ ಏರಿಸಿದರು. ಎಲ್ಲವೂ ಸರಿ. ಆದರೆ 7,500 ದಾಟಿದರೆ ದಾಟಿದ ಭಾಗಕ್ಕೆ ಮಾತ್ರ ತೆರಿಗೆಯೋ, ಪೂರ್ತಿ ಹಣಕ್ಕೋ ಅಂತ ಅವರು ಒಂದು ತಾಸು ಮಾತಾಡಿದರು. ತಿಂಗಳಿಗೆ 50 ರೂಪಾಯಿ ಕೊಡದವರೆಲ್ಲ 7,500ರ ಚಿಂತೆಯಲ್ಲಿ ತಲೆ ಆಡಿಸಿದರು. ತೆರಿಗೆ ಭಯೋತ್ಪಾದನೆ ಅಂತ ಒಬ್ಬರು ಕೂಗಿಯೂ ಕೂಗಿದರು. ಅವರದು ಮೂರು ವರ್ಷದ ಪಟ್ಟಿ ಬಾಕಿ.

ನನಗೆ ನಿಜವಾಗಿ ಮೋಜೆನಿಸುವುದು ಸರ್ಕಾರ ಸಂಘಗಳನ್ನು ನೆನೆಸಿಕೊಳ್ಳುವ ರೀತಿ. 2016ರಲ್ಲಿ ಘನತ್ಯಾಜ್ಯ ನಿಯಮ ಬಂತು. ಹಸಿ ಕಸ, ಒಣ ಕಸ ಬೇರೆ ಮಾಡಿಸುವ ಹೊಣೆಯಲ್ಲಿ ಸ್ಥಳೀಯ ಸಂಸ್ಥೆಯ ಜೊತೆ ನಿವಾಸಿಗಳ ಸಂಘವನ್ನೂ ಸೇರಿಸಿದರು. 2023ರಲ್ಲಿ ನಾಯಿಗಳ ಸಂತಾನ ನಿಯಂತ್ರಣದ ಹೊಸ ನಿಯಮ ಬಂತು. ಬೀದಿನಾಯಿಗೆ ಎಲ್ಲಿ, ಯಾವ ಹೊತ್ತಿಗೆ ಊಟ ಹಾಕಬೇಕು ಅನ್ನುವ ಏರ್ಪಾಟೂ ಸಂಘದ ತಲೆಗೆ ಬಂತು. ನಾಯಿಗೆ ಜಾಗ ಗೊತ್ತು ಮಾಡುವಾಗ ಮಕ್ಕಳ ಆಟದ ಜಾಗದಿಂದ, ಮೆಟ್ಟಿಲಿನಿಂದ ದೂರ ಇರಬೇಕು ಅಂತ ಕೂಡ ಬರೆದಿದ್ದಾರೆ. ಒಳ್ಳೆಯದೇ. ಆದರೆ ನಮ್ಮ ಬಡಾವಣೆಯಲ್ಲಿ ಮಕ್ಕಳ ಆಟದ ಜಾಗ ಅಂತ ನಕ್ಷೆಯಲ್ಲಿ ಇರುವುದು ಜಾಲಿ ಬೆಳೆದ ಒಂದು ಖಾಲಿ ಸೈಟು. ನಾಯಿಗಳು ಇರುವುದೂ ಅಲ್ಲೇ. ಯಾರನ್ನು ಯಾರಿಂದ ದೂರ ಇಡುವುದು?

ಹೊಣೆ ಹೊರಿಸುವಾಗ ಇಷ್ಟು ಪ್ರೀತಿ. ಅಧಿಕಾರ ಹಂಚುವಾಗ? ಸಂವಿಧಾನದ 1992ರ 74ನೇ ತಿದ್ದುಪಡಿ ಪ್ರಕಾರ ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿಗೆ ವಾರ್ಡ್ ಸಮಿತಿಗಳು ಇರಬೇಕು. 2011ರ ಜನಗಣತಿಯಲ್ಲೇ ಕಲಬುರಗಿ ಐದು ಲಕ್ಷ ದಾಟಿತ್ತು. ನಮ್ಮ ಓಣಿಯಲ್ಲಿ ವಾರ್ಡ್ ಸಮಿತಿ ಅಂದರೆ ಗಣಪತಿ ಕೂರಿಸುವ ಸಮಿತಿಯಾ ಅಂತ ಕೇಳುತ್ತಾರೆ.

ನಾಲಿಯ ಅರ್ಜಿ ಹಿಡಿದು ನಾವು ಹೋಗುವ ಕಚೇರಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಕಚೇರಿಯೂ ತನ್ನ ಕಡತದಲ್ಲಿ ನಮ್ಮ ಬಡಾವಣೆಯ ಹೆಸರು ಬರೆದಿಲ್ಲ, ಲೆಕ್ಕ ಸರಿಹೋಯಿತು. ಲೇಔಟ್ ಮಾಡಿದವರು ಇನ್ನೂ ಹಸ್ತಾಂತರ ಮಾಡಿಲ್ಲ, ಆದ್ದರಿಂದ ಇದು ನಮ್ಮದಲ್ಲ ಅಂತ ಕಚೇರಿ. ಸೈಟು ಮಾರಿ ಆಯಿತು, ಆದ್ದರಿಂದ ಇದು ನಮ್ಮದಲ್ಲ ಅಂತ ಲೇಔಟ್ ಮಾಡಿದವರು. ಮನೆ ತೆರಿಗೆ ತುಂಬುವಾಗ ಮಾತ್ರ ಯಾರೂ ಹಸ್ತಾಂತರದ ಪತ್ರ ಕೇಳಿದ್ದಿಲ್ಲ. ಕಂಪ್ಯೂಟರಿನಲ್ಲಿ ನಂಬರ್ ಒತ್ತಿದ ಕೂಡಲೇ ನಮ್ಮ ಬಡಾವಣೆ ಚೆಂದವಾಗಿ ಕಾಣಿಸಿಕೊಳ್ಳುತ್ತದೆ.

ಅಲ್ಲಿಗೆ ಹೋಗುವುದಕ್ಕೂ ಮುಹೂರ್ತ ಕೂಡಿ ಬರಬೇಕು. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಬಿಸಿಲು 43, 44 ಡಿಗ್ರಿ ಮುಟ್ಟುವ ಊರಲ್ಲಿ ಇದು ನ್ಯಾಯವೇ, ನಾನು ತಕರಾರು ಮಾಡುವುದಿಲ್ಲ. ತೊಂದರೆ ನಮ್ಮ ಪದಾಧಿಕಾರಿಗಳದು. ಅವರು ನಿಯೋಗ ಅಂದ ಮೇಲೆ ಎಲ್ಲರೂ ಒಟ್ಟಿಗೇ ಹೋಗಬೇಕು ಅನ್ನುತ್ತಾರೆ, ಫೋಟೊದಲ್ಲಿ ಯಾರೂ ತಪ್ಪಬಾರದು. ಗೌರವಾಧ್ಯಕ್ಷರ ಪೂಜೆ ಮುಗಿದು, ಕಾರ್ಯಾಧ್ಯಕ್ಷರ ಇಸ್ತ್ರಿ ಅಂಗಿ ಬಂದು, ಎಲ್ಲರೂ ಸೂಸಲಾ ತಿಂದು ಹೊರಡುವಷ್ಟರಲ್ಲಿ ಗಂಟೆ ಒಂದು. ಕಾವಲುಗಾರನ ಕೈಗೆ ಮನವಿಪತ್ರ ಕೊಟ್ಟು ಫೋಟೊ ತೆಗೆಸಿಕೊಂಡು ಬರುತ್ತಾರೆ. ಸಂಜೆ ಗ್ರೂಪಿನಲ್ಲಿ ಆ ಫೋಟೊ ಬೀಳುತ್ತದೆ: ‘ಸಂಬಂಧಪಟ್ಟ ಅಧಿಕಾರಿಗಳಿಗೆ ಮನವಿ’. ಕೆಳಗೆ ಕೈ ಮುಗಿದ ಚಿತ್ರ, ಹೂವಿನ ಚಿತ್ರ, ಚಪ್ಪಾಳೆ. ಅವುಗಳ ನಡುವೆ ಯಾರೋ ಹೆಣ್ಣುಮಗಳು ಹಾಕಿದ ಮೆಸೇಜು: “ಇವತ್ತೂ ನಳ ಬರಲಿಲ್ಲ. ಟ್ಯಾಂಕರ್ ನಂಬರ್ ಇದ್ದರೆ ಹಾಕ್ರಿ ಅಣ್ಣಾರ.” ಅದಕ್ಕೂ ಇಬ್ಬರು ಚಪ್ಪಾಳೆ ಒತ್ತಿದ್ದರು.

ಇಷ್ಟೆಲ್ಲ ಆದರೂ ನಾಲಿ ಬಂತು! ಚುನಾವಣೆ ಹತ್ತಿರ ಇದ್ದಾಗ ಬಂತು. ಬರುತ್ತದೆ ಅಂತ ಭರವಸೆ ಕೊಟ್ಟ ದಿನ ಮುಖಂಡರಿಗೆ ಒಂದು ಸನ್ಮಾನ. ಗುದ್ದಲಿ ಪೂಜೆಯ ದಿನ ಇನ್ನೊಂದು. ಕಾಮಗಾರಿ ಅರ್ಧ ಆದಾಗ ‘ಭರದಿಂದ ಸಾಗಿದ್ದಕ್ಕೆ’ ಮತ್ತೊಂದು. ಶಾಲು, ಹಾರ, ಹಣ್ಣಿನ ಬುಟ್ಟಿ ಅಂತ ಖಜಾಂಚಿ ಬರೆದಿಟ್ಟ ಖರ್ಚು ನೋಡಿದರೆ, ಆ ದುಡ್ಡಿನಲ್ಲಿ ಇನ್ನೂ ನಾಲ್ಕು ಮಾರು ನಾಲಿ ಆಗುತ್ತಿತ್ತು. ಆ ನಾಲ್ಕು ಮಾರೇ ಈಗ ಕಡಿಮೆ ಬಿದ್ದಿರುವುದು. ನಾಲಿ ಚೆನ್ನಾಗಿ ಬಂದು ಕಿರಿಯ ಉಪಾಧ್ಯಕ್ಷರ ಗೇಟಿನ ಮುಂದೆ ನಿಂತುಬಿಟ್ಟಿದೆ. ಮುಂಚೆ ಹತ್ತು ಅಂಗಳಕ್ಕೆ ಹಂಚಿ ಹೋಗುತ್ತಿದ್ದ ನೀರು ಈಗ ಶಿಸ್ತಾಗಿ ಒಂದೇ ಅಂಗಳಕ್ಕೆ ಬರುತ್ತದೆ.

ಅವರು ರಾಜೀನಾಮೆ ಕೊಟ್ಟರು. ಸಿಟ್ಟು ನೋಡಿ, ಒಂದೇ ವಾರದಲ್ಲಿ ಏಳು ಜನರನ್ನು ಹೊಂದಿಸಿ ಬೇರೆ ಸಂಘ ನೋಂದಾಯಿಸಿದರು. ಅದರ ಹೆಸರಲ್ಲಿ ‘ನೈಜ’ ಅಂತ ಇದೆ. ಬಡಾವಣೆಯ ಬಾಯಲ್ಲಿ ಎರಡನೇ ಬೋರ್ಡು ಬಂತು, ಈ ಸಲ ಕಾಂಕ್ರೀಟ್ ಹಾಕಿ ನಿಲ್ಲಿಸಿದ್ದಾರೆ. ಎರಡೂ ಸಂಘದವರು ಬೇರೆ ಬೇರೆ ಲೆಟರ್‌ಹೆಡ್ಡಿನಲ್ಲಿ ಅದೇ ನಾಲ್ಕು ಮಾರು ನಾಲಿಗೆ ಅರ್ಜಿ ಕೊಟ್ಟರು. ಅಲ್ಲಿದ್ದ ಸಾಹೇಬರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, “ಇದರಾಗ ಅಸಲಿ ಯಾವುದ್ರೀ?” ಅಂತ ಕೇಳಿದರು. ಇಬ್ಬರೂ ಒಟ್ಟಿಗೆ “ನಮ್ದೇ” ಅಂದರು. “ಹಂಗಾರ ಇಬ್ರೂ ಸೇರಿ ಒಂದ ಒಕ್ಕೂಟ ಮಾಡ್ಕೊಂಡ ಬರ್ರಿ, ಆಮ್ಯಾಲ ನೋಡಾಮು” ಅಂದು ಅರ್ಜಿ ವಾಪಸ್ ಕೊಟ್ಟರು.

ಈಗ ಒಕ್ಕೂಟ ಆಗಿದೆ. ಅದಕ್ಕೆ ಸಂಚಾಲಕರು, ಮಹಾ ಪ್ರಧಾನ ಕಾರ್ಯದರ್ಶಿ ಎಲ್ಲ ಹೊಸ ಹುದ್ದೆಗಳು. ಮೊದಲ ಸಭೆಯಲ್ಲೇ ಎರಡೂ ಕಡೆಯವರು ಜಗಳವಿಲ್ಲದೆ ಒಂದು ಠರಾವು ಪಾಸು ಮಾಡಿದರು: ಇಷ್ಟು ಒಳ್ಳೆಯ ಸಲಹೆ ಕೊಟ್ಟ ಆ ಸಾಹೇಬರಿಗೆ ಸನ್ಮಾನ. ಶಾಲಿನ ಬಣ್ಣ ಯಾವುದು ಅನ್ನುವುದಕ್ಕೆ ಉಪಸಮಿತಿ ನೇಮಕವಾಗಿದೆ.