ಗಂಜಿನ ಉದ್ರಿ ಬುಕ್ಕು, ಪುಣೆಯ ಸ್ಕೋರು

ಹೋದ ದೀಪಾವಳಿಗೆ ಪುಣೆಯಲ್ಲಿ ಫ್ರಿಜ್ ತರಲು ಹೋಗಿದ್ದೆವು. ಕಂತಿನ ಮೇಲೆ ಕೇಳಿದೆ. ಅಂಗಡಿ ಹುಡುಗ ಪ್ಯಾನ್ ನಂಬರ್ ಒತ್ತಿದ. ಆಮೇಲೆ ದನಿ ತಗ್ಗಿಸಿ, ಕ್ರೆಡಿಟ್ ಸ್ಕೋರ್ (ಹಿಂದಿನ ಸಾಲ ಹೇಗೆ ತೀರಿಸಿದ್ದೀರಿ ಅಂತ ನೋಡಿ ಹಾಕುವ ಅಂಕ) 590 ಇದೆ, ಆಗಲ್ಲ ಎಂದ. ಹೆಂಡತಿ ಪಕ್ಕದಲ್ಲೇ ಇದ್ದಳು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾಲ್ಕು ತಿಂಗಳು ಕಾರ್ಡ್ ಬಿಲ್ ಕಟ್ಟಿರಲಿಲ್ಲ. ಕೊನೆಗೆ ಬ್ಯಾಂಕಿನವರ ಜೊತೆ ಮಾತಾಡಿ, ಒಂದಿಷ್ಟು ಕೊಟ್ಟು ಮುಗಿಸಿದ್ದೆ. ನನ್ನ ಸಾಲಗಳ ದಾಖಲೆಯಾದ ಕ್ರೆಡಿಟ್ ರಿಪೋರ್ಟಿನಲ್ಲಿ ಅದು ‘ಸೆಟಲ್ಡ್’ ಅಂತ ಕೂತಿದೆ, ‘ಕ್ಲೋಸ್ಡ್’ ಅಂತ ಅಲ್ಲ. ಪೂರ್ತಿ ತೀರಿಸಿಲ್ಲ ಅಂತ ಅದರ ಅರ್ಥ.

ಆ ರಾತ್ರಿ ಕಲಬುರಗಿ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಅಡತಿ (ದಲ್ಲಾಳಿ) ಕಾಕಾ ಬಹಳ ನೆನಪಾದರು. ಅವರ ಕೆಂಪು ರಟ್ಟಿನ ಉದ್ದನೆಯ ಬುಕ್ಕಿನಲ್ಲಿ ನಮ್ಮ ಮನೆಯ ಬೀಜ, ಗೊಬ್ಬರ, ಅಕ್ಕನ ಮದುವೆ, ಎಲ್ಲ ಉದ್ರಿಯೂ ಇತ್ತು. ಲೆಕ್ಕ ತೊಗರಿ ರಾಶಿ ಆದ ಮೇಲೆ. ಒಂದು ವರ್ಷ ನೆಟೆರೋಗ ಬಂದು ನಿಂತ ಬೆಳೆ ನಿಂತಲ್ಲೇ ಒಣಗಿತು. ಅಪ್ಪ ಟವೆಲ್ ಹಿಂಡುತ್ತ ಅಂಗಡಿ ಮುಂದೆ ನಿಂತಿದ್ದ. ಕಾಕಾ ಚಾ ತರಿಸಿದರು. “ಇರ್ಲಿ ತಗೋ ತಮ್ಮಾ, ಮುಂದಿನ ರಾಶಿಗಿ ನೋಡಮು” ಅಂದರು. ನಮ್ಮ ಹೊಲ ಒಣಗಿದ್ದು ಅವರಿಗೆ ಗೊತ್ತಿತ್ತು. ಈ ಸ್ಕೋರಿಗೆ ನಮ್ಮಪ್ಪನ ಆಸ್ಪತ್ರೆ ಗೊತ್ತಿಲ್ಲವಲ್ಲ! ನನಗೆ ಉರಿದದ್ದು ಅದಕ್ಕೇ.

ದಾರಿ ತೋರಿಸಿದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಅಕ್ಕ. ಹತ್ತು ಕಡೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯೂ ರಿಪೋರ್ಟಿನಲ್ಲಿ ಬೀಳುತ್ತೆ, ಎಫ್‌ಡಿ (ನಿಶ್ಚಿತ ಠೇವಣಿ) ಅಡ ಇಟ್ಟುಕೊಂಡು ಕೊಡುವ ಕಾರ್ಡ್ ತಗೊಳ್ಳಿ ಅಂದರು. 25,000 ರೂಪಾಯಿ ಇಟ್ಟೆ, 20,000 ಲಿಮಿಟ್ ಬಂತು. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತೆ. ವರ್ಷದ ಫೀ ಇಲ್ಲದ್ದನ್ನೇ ಆರಿಸಿದೆ. ಪಾಯಿಂಟು, ಕ್ಯಾಶ್‌ಬ್ಯಾಕ್ ನೋಡಲೇ ಇಲ್ಲ. ಸ್ಕೋರ್ ಬಿದ್ದವನಿಗೆ ಅವು ಯಾಕೆ ಬೇಕು? ಪೆಟ್ರೋಲು, ಗ್ಯಾಸ್ ಅಂತ ತಿಂಗಳಿಗೆ 5,000 ದಾಟಿಸುವುದಿಲ್ಲ. ಬಿಲ್ಲು ಪೂರ್ತಿ ಕಟ್ಟುತ್ತೇನೆ. ‘ಮಿನಿಮಮ್ ಡ್ಯೂ’, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಅಷ್ಟೇ ಕಟ್ಟಿ ಸುಮ್ನೆ ಕೂತರೆ ಉಳಿದದ್ದಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗಿಂತ ಜಾಸ್ತಿ ಬಡ್ಡಿ ಬೀಳಬಹುದು. ವರ್ಷಕ್ಕೊಮ್ಮೆ ರಿಪೋರ್ಟ್ ಪುಕ್ಕಟೆ ಸಿಗುತ್ತೆ, ತಪ್ಪಿದ್ದರೆ ತಿದ್ದಿಸಬಹುದು. ಹನ್ನೊಂದು ತಿಂಗಳಿಗೆ ನನ್ನ ಸ್ಕೋರ್ 680ಕ್ಕೆ ಬಂದಿದೆ.

ಆದರೂ ನನ್ನ ಮನಸ್ಸು ಕಾಕಾನ ಕಡೆಗೇ. ಅಲ್ಲಿ ಮನುಷ್ಯನ ಮುಖ ನೋಡಿ ಕೊಡುತ್ತಿದ್ದರು.

ಒಂದು ಮಾತು ಮಾತ್ರ ಹೇಳಲೇಬೇಕು. ಬಡ್ಡಿ ಎಷ್ಟು ಹಿಡಿದರು ಅಂತ ಅಪ್ಪನಿಗೆ ಯಾವತ್ತೂ ಗೊತ್ತಾಗಲಿಲ್ಲ. ತೊಗರಿ ಅವರಿಗೇ ಹಾಕಬೇಕಿತ್ತು, ಅವರು ಹೇಳಿದ ರೇಟಿಗೆ. ಯಾದಗಿರಿ ಕಡೆಯಿಂದ ಬಂದು ನಮ್ಮೂರಲ್ಲಿ ಪಾಲಿಗೆ ಹೊಲ ಮಾಡಿದ ಒಬ್ಬ ಒಮ್ಮೆ ಗೊಬ್ಬರ ಉದ್ರಿ ಕೇಳಿದ್ದ. “ನಿನ್ ಪರವಾಗಿ ಹೇಳೋರು ಯಾರದಾರ?” ಅಂದರು ಕಾಕಾ. ಅವನಿಗೆ ಯಾರೂ ಇರಲಿಲ್ಲ. ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಅವನು ಬಸ್‌ಸ್ಟ್ಯಾಂಡ್ ಕಡೆ ಹೋದದ್ದನ್ನು ನಾನೇ ನೋಡಿದ್ದೇನೆ.