ಕಂಡವರು ಮತ್ತು ಹೋಲಿಸಿ ನೋಡಿದವರು

ಕಳೆದ ಕಾರ್ತಿಕದಲ್ಲಿ ನಮ್ಮ ತೋಟದ ಸುರಂಗದೊಳಗೆ ನೀರಿನ ಪೈಪು ಸರಿಪಡಿಸಲೆಂದು ಹೋದವನಿಗೆ, ಬಾಯಿಯಿಂದ ಹದಿನೈದು ಅಡಿ ಒಳಗೆ, ಟಾರ್ಚಿನ ಬೆಳಕಿನಲ್ಲಿ ಒಂದು ಜೇಡ ಕಂಡಿತು. ಮುರಕಲ್ಲಿನ ಒದ್ದೆ ಗೋಡೆಗೆ ಅಂಟಿಕೊಂಡಿದ್ದ ಅದರ ಮೈ ಹುಣಸೆಬೀಜಕ್ಕಿಂತ ಚಿಕ್ಕದು, ಕಾಲುಗಳು ಮಾತ್ರ ಮೈಗೆ ಹೊಂದದಷ್ಟು ಉದ್ದ, ಬಣ್ಣ ನಸು ಹಳದಿ. ನಾಲ್ಕು ಫೋಟೊ ತೆಗೆದು, ಜೇಡಗಳ ಅಧ್ಯಯನ ಮಾಡುತ್ತಿರುವ ನೆಂಟರ ಹುಡುಗನಿಗೆ ‘ಹೊಸ ಪ್ರಭೇದವೇ?’ ಎಂದು ಕೇಳಿ ವಾಟ್ಸ್ಆ್ಯಪಿನಲ್ಲಿ ಕಳಿಸಿದೆ. ಅವನಿಂದ ಬಂದ ಉತ್ತರ ಇಷ್ಟೇ: ‘ಅಣ್ಣಾ, ಫೋಟೊ ಚೆಂದ ಬಂದಿದೆ. ಗಂಡೋ ಹೆಣ್ಣೋ? ಪ್ರಾಯಕ್ಕೆ ಬಂದದ್ದೋ ಮರಿಯೋ? ಹಿಡಿದಿಟ್ಟಿದ್ದೀರೋ?’ ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಆ ಮೂರು ಪ್ರಶ್ನೆಗಳ ಬೆನ್ನು ಹಿಡಿದು ಓದುತ್ತಾ ಹೋದಾಗ ನನಗೆ ಹೆಚ್ಚು ಹಿಡಿಸಿದ್ದು ಅಮೆರಿಕದ ಒರೆಗಾನ್ ರಾಜ್ಯದ ಒಂದು ಗುಹಾಜೇಡದ ಕಥೆ. 2010ರಲ್ಲಿ ಅಲ್ಲಿನ ಜೋಸೆಫೀನ್ ಕೌಂಟಿಯ ಗುಹೆಯೊಂದರಲ್ಲಿ, ವೆಸ್ಟರ್ನ್ ಕೇವ್ ಕನ್ಸರ್ವೆನ್ಸಿ ಎಂಬ ಗುಹಾಸಂರಕ್ಷಣಾ ಸಂಸ್ಥೆಯೊಂದಿಗೆ ಕೆಲಸ ಮಾಡುತ್ತಿದ್ದ ಹವ್ಯಾಸಿಗಳು ಚಾವಣಿಯಿಂದ ಕೆಲವೇ ಎಳೆಗಳ ಸರಳ ಬಲೆ ಹಾಕಿ ತೂಗುಬಿದ್ದಿದ್ದ ಜೇಡಗಳನ್ನು ಕಂಡರು. ಕಾಲು ಚಾಚಿದರೆ ಸುಮಾರು 3 ಅಂಗುಲ. ಕಾಲುಗಳ ತುದಿಯಲ್ಲಿ ಕುಡುಗೋಲಿನಂತೆ ಬಾಗಿದ, ಹಲ್ಲುಗಳುಳ್ಳ ಉಗುರುಗಳು. ಅವರು ಅದನ್ನು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ಗೆ ಕಳಿಸಿದರು. ಚಾರ್ಲ್ಸ್ ಗ್ರಿಸ್‌ವೋಲ್ಡ್, ಟ್ರೇಸಿ ಆಡಿಸಿಯೋ ಮತ್ತು ಜೋಯೆಲ್ ಲೆಡ್‌ಫೋರ್ಡ್ ಅದನ್ನು ಪರೀಕ್ಷಿಸಿ, 2012ರ ಆಗಸ್ಟ್‌ನಲ್ಲಿ ‘ಝೂಕೀಸ್’ ಪತ್ರಿಕೆಯಲ್ಲಿ ವಿವರಿಸಿದರು. ಹೆಸರು ಟ್ರೊಗ್ಲೊರಾಪ್ಟರ್ ಮಾರ್ಚಿಂಗ್‌ಟೋನಿ. ಮೊದಲ ಪದಕ್ಕೆ ಗುಹೆಯ ದರೋಡೆಕೋರ ಎಂದರ್ಥ, ಎರಡನೆಯದು ಅದನ್ನು ಹುಡುಕಿದವರಲ್ಲಿ ಒಬ್ಬರಾದ ನೀಲ್ ಮಾರ್ಚಿಂಗ್‌ಟನ್ ಅವರದು. ಅವರು ವೃತ್ತಿಯಲ್ಲಿ ವಿಜ್ಞಾನಿಯಲ್ಲ, ಶೆರೀಫ್ ಇಲಾಖೆಯ ಅಧಿಕಾರಿ. ನಮ್ಮ ಲೆಕ್ಕದಲ್ಲಿ ಪೊಲೀಸಿನವರು.

ಜೇಡಗಳಲ್ಲಿ ಹೊಸ ಪ್ರಭೇದ ಸಿಗುವುದು ಅಂಥ ಅಪರೂಪವೇನಲ್ಲ. ಬರ್ನ್‌ನ ವಸ್ತುಸಂಗ್ರಹಾಲಯ ನಿರ್ವಹಿಸುವ ಜಾಗತಿಕ ಜೇಡಪಟ್ಟಿ 2022ರಲ್ಲಿ 50,000 ಪ್ರಭೇದಗಳನ್ನು ದಾಟಿತು, ಇಂದಿಗೂ ಬೆಳೆಯುತ್ತಲೇ ಇದೆ. ಆದರೆ ಒರೆಗಾನ್‌ನ ಜೇಡ ಈಗಾಗಲೇ ಗೊತ್ತಿದ್ದ ಯಾವ ಕುಲದಲ್ಲೂ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನಲ್ಲೂ, ಕೂರಲಿಲ್ಲ, ಕುಲಗಳ ಗುಂಪಾದ ಯಾವ ಕುಟುಂಬದಲ್ಲೂ ಕೂರಲಿಲ್ಲ. ಅದಕ್ಕಾಗಿ ಟ್ರೊಗ್ಲೊರಾಪ್ಟರಿಡೇ ಎಂಬ ಹೊಸ ಕುಟುಂಬವನ್ನೇ ಕಟ್ಟಬೇಕಾಯಿತು. ಉತ್ತರ ಅಮೆರಿಕದಲ್ಲಿ ಹೀಗೆ ಹೊಸದಾಗಿ ಸಿಕ್ಕ ಜೇಡದಿಂದ ಹೊಸ ಕುಟುಂಬವೊಂದು ಹುಟ್ಟಿ ನೂರಕ್ಕೂ ಹೆಚ್ಚು ವರ್ಷಗಳಾಗಿದ್ದವು.

ಪತ್ರಿಕೆಗಳು ಆಗ ಸಂಭ್ರಮಿಸಿದ್ದು ಭಯಂಕರ ಉಗುರುಗಳನ್ನು. ನನಗೆ ಕುತೂಹಲ ಹುಟ್ಟಿಸಿದ್ದು, ಅಷ್ಟು ವಿಚಿತ್ರವಾದ ಆ ಉಗುರುಗಳನ್ನು ನೋಡಿಯೂ ವಿಜ್ಞಾನಿಗಳು ಅವುಗಳಿಗೆ ಮರುಳಾಗದೆ ಉಳಿದ ರೀತಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಗ್ರಾಡುಂಗುಲಿಡೇ ಎಂಬ ಕುಟುಂಬವಿದೆ. ಅದರ ಜೇಡಗಳ ಮುಂಗಾಲುಗಳಲ್ಲೂ ಹೀಗೆಯೇ ಬೇಟೆಯನ್ನು ಬಾಚಿ ಹಿಡಿಯುವ ದೊಡ್ಡ ಉಗುರುಗಳಿವೆ, ನ್ಯೂಜಿಲೆಂಡ್‌ನ ಅಂಥ ಒಂದು ಜೇಡವಂತೂ ಗುಹೆಯಲ್ಲೇ ವಾಸಿಸುತ್ತದೆ. ಉಗುರು ನೋಡಿ ಸಂಬಂಧ ಕಟ್ಟಿದ್ದರೆ ಒರೆಗಾನ್‌ನ ಜೇಡವನ್ನು ಆ ಮನೆಗೆ ಸೇರಿಸಬಹುದಾಗಿತ್ತು. ಆದರೆ ಎಂಟರ ಬದಲು ಆರೇ ಕಣ್ಣುಗಳು, ಉಸಿರಾಟದ ಅಂಗಗಳ ರಚನೆ, ಜನನಾಂಗಗಳ ವಿನ್ಯಾಸ ಇವೆಲ್ಲ ಬೇರೆಯದೇ ದಿಕ್ಕನ್ನು ತೋರಿಸಿದವು. ಅದು ಡಿಸ್ಡೆರಾಯ್ಡಿಯಾ ಎಂಬ ದೊಡ್ಡ ಗುಂಪಿಗೆ, ಅದರಲ್ಲೂ ಆ ಗುಂಪಿನ ಬುಡದ ಕಡೆಗೆ ಸೇರುತ್ತದೆ ಎಂದು ಅವರು ವಾದಿಸಿದರು. ಉಗುರುಗಳ ಹೋಲಿಕೆ ನೆಂಟಸ್ತಿಕೆಯಿಂದ ಬಂದದ್ದಲ್ಲ, ಒಂದೇ ಬಗೆಯ ಕಸುಬು ಎರಡು ದೂರದ ವಂಶಗಳಿಗೆ ಒಂದೇ ಬಗೆಯ ಹತ್ಯಾರು ಕೊಟ್ಟಿದೆ.

ಗುಹೆಯ ಜೀವಿಗಳಲ್ಲಿ ಈ ಮೋಸ ಇನ್ನೂ ಹೆಚ್ಚು. ಬೆಳಕಿಲ್ಲದ ಕಡೆ ಸಾವಿರಾರು ತಲೆಮಾರು ಕಳೆದರೆ ಯಾವ ವಂಶದ ಜೇಡವಾದರೂ ಕಣ್ಣು ಕಳೆದುಕೊಳ್ಳಬಹುದು, ಬಣ್ಣ ಕಳೆದುಕೊಳ್ಳಬಹುದು, ತಡವಿ ನಡೆಯಲೆಂದು ಕಾಲು ಉದ್ದವಾಗಬಹುದು. ಸ್ಲೊವೇನಿಯಾದ ಗುಹೆಯಿಂದ 1847ರಲ್ಲೇ ವಿವರಿಸಲಾದ ಸ್ಟಾಲಿಟಾ, ಹವಾಯಿಯ ಕವಾಯಿ ದ್ವೀಪದ ಲಾವಾಗುಹೆಗಳ ಕುರುಡು ತೋಳಜೇಡ, 2012ರಲ್ಲಿ ಪೀಟರ್ ಯೇಗರ್ ಅವರು ಲಾವೋಸ್‌ನಿಂದ ವಿವರಿಸಿದ ಕಣ್ಣಿಲ್ಲದ ಸಿನೊಪೊಡಾ ಸ್ಕ್ಯೂರಿಯನ್ ಇವು ಒಂದಕ್ಕೊಂದು ಹತ್ತಿರದ ನೆಂಟರಲ್ಲ, ಒಂದೊಂದೂ ಒಂದೊಂದು ಕುಟುಂಬದ್ದು. ಕಣ್ಣಿಲ್ಲದಿರುವುದು ಅದು ಎಲ್ಲಿ ವಾಸಿಸುತ್ತದೆ ಎಂಬುದನ್ನಷ್ಟೇ ಹೇಳುತ್ತದೆ, ಯಾರ ಮನೆಯದು ಎಂಬುದನ್ನು ಹೇಳುವುದಿಲ್ಲ. ನಮ್ಮ ಸುರಂಗದ ಜೇಡದ ಉದ್ದ ಕಾಲು ಮತ್ತು ನಸು ಬಣ್ಣವನ್ನು ನೋಡಿ ನಾನು ಉಬ್ಬಿಹೋದದ್ದು ಸರಿಯಾಗಿ ಇದೇ ತಪ್ಪು.

ಹಾಗಾದರೆ ಮನೆ ಯಾವುದೆಂದು ತಿಳಿಯುವುದು ಹೇಗೆ? ಹುಡುಗ ಒಮ್ಮೆ ತನ್ನ ಮೇಜಿನ ಬಳಿ ನನ್ನನ್ನು ಕೂರಿಸಿ ತೋರಿಸಿದ. ಬಹುತೇಕ ಜೇಡಗಳಲ್ಲಿ ಹೆಣ್ಣಿನ ಹೊಟ್ಟೆಯಡಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಗಟ್ಟಿ ಫಲಕವಿರುತ್ತದೆ, ಅದು ಎಪಿಜೈನ್. ಅದನ್ನು ಸೂಜಿಯಿಂದ ಬಿಡಿಸಿ, ಲವಂಗದ ಎಣ್ಣೆಯಲ್ಲಿ ಹಾಕಿಟ್ಟ. ಸ್ವಲ್ಪ ಹೊತ್ತಿಗೆ ಅದು ಗಾಜಿನಂತೆ ಪಾರದರ್ಶಕವಾಗಿ, ಒಳಗಿನ ಸುರುಳಿ ನಾಳಗಳು ಸೂಕ್ಷ್ಮದರ್ಶಕದಲ್ಲಿ ಕಾಣತೊಡಗಿದವು. ಕೋಣೆಯ ತುಂಬ ಹಲ್ಲುನೋವಿನ ಔಷಧಿಯ ವಾಸನೆ. ಗಂಡಿನಲ್ಲಾದರೆ ಬಾಯಿಯ ಪಕ್ಕದ ಪಾಲ್ಪ್ ಎಂಬ ಕಿರುಗೈಗಳ ತುದಿಯ ಗಂಟನ್ನು ನೋಡಬೇಕು. ಒಂದೇ ಕುಲದ ಎರಡು ಪ್ರಭೇದಗಳು ಹೊರನೋಟಕ್ಕೆ ಅವಳಿಗಳಂತಿದ್ದರೂ ಈ ಎರಡು ಜನನಾಂಗಗಳಲ್ಲಿ ಸಾಮಾನ್ಯವಾಗಿ ಬೇರೆಯಾಗಿರುತ್ತವೆ, ಮತ್ತು ಅವು ಪೂರ್ತಿ ರೂಪುಗೊಳ್ಳುವುದು ಜೇಡ ಪ್ರಾಯಕ್ಕೆ ಬಂದ ಮೇಲೆ. ಅವನ ಮೂರು ಪ್ರಶ್ನೆಗಳ ಅರ್ಥ ನನಗೆ ತಿಳಿದದ್ದು ಅಂದು. ಆಮೇಲೂ ಕೆಲಸ ಮುಗಿಯುವುದಿಲ್ಲ. ಈ ಸುರುಳಿಯನ್ನು ಇದುವರೆಗೆ ವಿವರಿಸಿದ ಎಲ್ಲ ನೆಂಟರ ಸುರುಳಿಗಳೊಂದಿಗೆ, ನೂರು ವರ್ಷ ಹಳೆಯ ಚಿತ್ರಗಳೊಂದಿಗೆ, ಸಾಧ್ಯವಾದರೆ ಸಂಗ್ರಹಾಲಯಗಳ ಶೀಶೆಗಳಲ್ಲಿರುವ ಮೂಲ ನಮೂನೆಗಳೊಂದಿಗೆ ಹೋಲಿಸಿ ನೋಡಬೇಕು. ‘ಹೊಸದು’ ಎಂಬ ಮಾತು ಇಷ್ಟು ಹೋಲಿಕೆಗಳ ಕೊನೆಯಲ್ಲಿ ಬರುವ ತೀರ್ಪು. ನಾವು ಅದನ್ನು ಫೋಟೊದ ಕೆಳಗೆ ಮೊದಲ ಸಾಲಾಗಿ ಬರೆದುಬಿಡುತ್ತೇವೆ.

ತೀರ್ಪೂ ಶಾಶ್ವತವಲ್ಲ ಎಂಬುದಕ್ಕೆ ಟೆಕ್ಸಾಸ್‌ನಲ್ಲೊಂದು ಉದಾಹರಣೆ ಇದೆ. ಸ್ಯಾನ್ ಆಂಟೋನಿಯೋ ಪ್ರದೇಶದ ಒಂದು ಗುಹೆಯಲ್ಲಿ 1980ರಲ್ಲಿ ಸಿಕ್ಕ ಕಣ್ಣಿಲ್ಲದ ಜೇಡವನ್ನು ವಿಲ್ಲಿಸ್ ಗರ್ಟ್ಶ್ 1992ರಲ್ಲಿ ಸಿಕ್ಯುರಿನಾ ವೇನಿಯೈ ಎಂದು ಹೆಸರಿಸಿದರು. 2000ದಲ್ಲಿ ಅದು ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. 2012ರಲ್ಲಿ ಹೆದ್ದಾರಿಯ ಕೆಳಸೇತುವೆಯ ಕೆಲಸ ನಡೆಯುತ್ತಿದ್ದಾಗ ನೆಲದಲ್ಲಿ ತೆರೆದುಕೊಂಡ ಪೊಳ್ಳಿನಲ್ಲಿ ಅದೇ ಜೇಡ ಸಿಕ್ಕಿತು, ಸುಮಾರು 1.5 ಕೋಟಿ ಡಾಲರಿನ ಕಾಮಗಾರಿ ನಿಂತಿತು. ಅದು ಅದೇ ಎಂದು ಖಚಿತಪಡಿಸಿಕೊಳ್ಳಲು ಮಾಡಬೇಕಾದದ್ದೂ ಜನನಾಂಗದ ಪರೀಕ್ಷೆಯನ್ನೇ. 2018ರಲ್ಲಿ ಮಾರ್ಷಲ್ ಹೆಡಿನ್ ಮತ್ತು ಸಂಗಡಿಗರು ಡಿಎನ್‌ಎ ಮತ್ತು ದೇಹರಚನೆ ಎರಡನ್ನೂ ಇಟ್ಟುಕೊಂಡು ಪರಿಶೀಲಿಸಿದಾಗ, ಅದು ಸಿಕ್ಯುರಿನಾ ಮ್ಯಾಡ್ಲಾ ಎಂಬ ಮತ್ತೊಂದು ಜೇಡವೇ ಎಂದು ತಿಳಿಯಿತು. ರಸ್ತೆಯನ್ನು ನಿಲ್ಲಿಸಿದ ಹೆಸರೇ ಪ್ರತ್ಯೇಕ ಪ್ರಭೇದದ ಹೆಸರಾಗಿ ಉಳಿಯಲಿಲ್ಲ. ಇದನ್ನು ಓದಿ ‘ವಿಜ್ಞಾನಿಗಳು ಸುಮ್ಮನೆ ರಸ್ತೆ ನಿಲ್ಲಿಸಿದರು’ ಎಂದು ನಗುವವರಿದ್ದಾರೆ. ನಾನು ಆ ಗುಂಪಿಗೆ ಸೇರುವುದಿಲ್ಲ. ಮ್ಯಾಡ್ಲಾ ಕೂಡ ಅಳಿವಿನಂಚಿನದೇ ಆಗಿತ್ತು. ಮೇಲಾಗಿ, ತನ್ನ ಕ್ಷೇತ್ರದ ಹಿರಿಯರೊಬ್ಬರು ಇಟ್ಟ ಹೆಸರನ್ನು ಸಾಕ್ಷ್ಯ ಸಿಕ್ಕ ದಿನ ತೆಗೆದುಹಾಕುವ ಶಿಸ್ತು ನಮ್ಮ ಎಷ್ಟು ಇಲಾಖೆಗಳಲ್ಲಿದೆ?

ನಮ್ಮಲ್ಲಿ ಈ ಕೆಲಸಕ್ಕೆ ಗೌರವ ಕಡಿಮೆ ಎಂಬುದು ನನ್ನ ದೂರು. ಹುಲಿ ಎಣಿಸುವವನಿಗೆ ಸಿಗುವ ಚಪ್ಪಾಳೆ ಜೇಡದ ಫಲಕ ಬಿಡಿಸುವವನಿಗೆ ಸಿಗುವುದಿಲ್ಲ. ಪ್ರಾಣಿಶಾಸ್ತ್ರ ಓದಿದ ಮಕ್ಕಳಿಗೆ ವರ್ಗೀಕರಣವೆಂದರೆ ಪರೀಕ್ಷೆಗೆ ಬಾಯಿಪಾಠ ಮಾಡಿದ ಲ್ಯಾಟಿನ್ ಪಟ್ಟಿ. ಹಾಗಿದ್ದೂ ಕೆಲಸ ನಡೆಯುತ್ತಿದೆ. ಇತ್ತೀಚೆಗೆ ದಕ್ಷಿಣ ಭಾರತದ ನೆಗೆಯುವ ಜೇಡಗಳ ಒಂದು ಹೊಸ ಕುಲಕ್ಕೆ ಇಟ್ಟ ಹೆಸರು ನಮ್ಮದೇ ‘ತೆಂಕಣ’. ಅದರಲ್ಲಿ ಕರ್ನಾಟಕದ ಒಂದು ಹೊಸ ಪ್ರಭೇದಕ್ಕೆ ಜಯಮಂಗಲಿ ನದಿಯ ಹೆಸರು. ಮೊದಲು ಬೇರೆ ಕುಲದಲ್ಲಿದ್ದ ಹಳೆಯ ಜೇಡಗಳೂ ಹೋಲಿಕೆಯ ನಂತರ ಅಲ್ಲಿಗೇ ಬಂದಿವೆ. ಅವು ಗುಹೆಯವಲ್ಲ, ನಿಜ. ಕನ್ನಡದ ಪದವೊಂದು ಜೇಡಗಳ ಪಟ್ಟಿಯಲ್ಲಿ ಕುಲದ ಹೆಸರಾಗಿ ಕೂತಿರುವುದನ್ನು ಹೇಳದೆ ಇರಲಾರೆ.

ಒರೆಗಾನ್‌ನ ಜೇಡದ ಬಗ್ಗೆ ಎರಡು ಮಾತು ಉಳಿದಿವೆ. ಜೀವಂತ ಜೇಡಗಳನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ತಂದು ಸಾಕಿ, ಪತಂಗ, ಮಿಡತೆ, ಬೇರೆ ಜೇಡ ಎಲ್ಲವನ್ನೂ ಮುಂದಿಟ್ಟರೂ ಅವು ಮುಟ್ಟಲಿಲ್ಲ. ಆ ಉಗುರುಗಳು ಗುಹೆಯಲ್ಲಿ ಏನನ್ನು ಹಿಡಿಯುತ್ತವೆ ಎಂಬುದನ್ನು ಪ್ರಬಂಧ ಊಹೆಗೇ ಬಿಟ್ಟಿತು. ಇನ್ನೊಂದು, ಕ್ಯಾಲಿಫೋರ್ನಿಯಾದ ಹಳೆಯ ರೆಡ್‌ವುಡ್ ಕಾಡಿನಲ್ಲಿ ಇದೇ ಕುಲದ, ಆದರೆ ತುಸು ಬೇರೆಯಾಗಿ ಕಾಣುವ ಜೇಡವೊಂದು ಸಿಕ್ಕಿತ್ತು. ಅದು ಮರಿ. ಇನ್ನೊಂದು ಪ್ರಭೇದವಿರಬಹುದು ಎಂದಷ್ಟೇ ಬರೆದು, ಹೆಸರಿಡದೆ ಬಿಟ್ಟರು.

ಹುಡುಗ ನನಗೆ ಎರಡು ಸಣ್ಣ ಶೀಶೆ ಆಲ್ಕೋಹಾಲು ಕೊಟ್ಟಿದ್ದಾನೆ. ಸಿಕ್ಕ ಜಾಗ, ತಾರೀಖು, ಹಿಡಿದವರ ಹೆಸರು ಮೂರನ್ನೂ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ ಶೀಶೆಯ ಒಳಗೇ ಇರಬೇಕಂತೆ. ಪೆನ್ನಿನ ಶಾಯಿ ಕರಗಿಹೋಗುತ್ತದೆ. ಕಾಡಿನಿಂದ ಏನನ್ನೂ ಹಿಡಿಯಬೇಡಿ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ನಿಮ್ಮ ಸುರಂಗದ್ದೇ ಸಾಕು ಎಂದೂ ಹೇಳಿದ್ದಾನೆ. ಮೊನ್ನೆ ಹೋಗಿ ನೋಡಿದೆ, ಜೇಡ ಅದೇ ಗೋಡೆಯಲ್ಲಿತ್ತು. ಈ ಬಾರಿ ಲೆನ್ಸ್ ಹಿಡಿದು ಹೊಟ್ಟೆಯಡಿ ನೋಡಿದೆ, ಫಲಕ ಕಾಣಿಸಲಿಲ್ಲ, ಪಾಲ್ಪಿನಲ್ಲಿ ಗಂಟೂ ಇರಲಿಲ್ಲ. ಶೀಶೆ ಕಿಸೆಯಲ್ಲೇ ವಾಪಸು ಬಂತು.