ಇಂಟರ್ವಲ್‌ಗೇ ಎದ್ದು ಬಂದ ನಾಯಕರು

ಶಿವಮೊಗ್ಗಕ್ಕೆ ದೊಡ್ಡ ನಾಯಕರು ಬರುತ್ತಾರೆ ಎಂದರೆ ಅವರಿಗಿಂತ ಮೊದಲು ಬರುವುದು ಜೆಸಿಬಿ. ಮಳೆಗಾಲದಲ್ಲಿ ಧರೆ ಕುಸಿದು ರಸ್ತೆ ಮುಚ್ಚಿದಾಗ ಎಷ್ಟು ಫೋನ್ ಮಾಡಿದರೂ ಸಿಗದ ಜೆಸಿಬಿ ಆವತ್ತು ಮಾತ್ರ ಸಾಲಾಗಿ ನಿಂತಿರುತ್ತದೆ. ಬಕೆಟ್ ತುಂಬ ಚೆಂಡುಹೂವು. ಪಕ್ಕದ ಕ್ರೇನಿನಲ್ಲಿ ಸೇಬಿನ ಹಾರ. ಗೋಪಿ ಸರ್ಕಲ್‌ನಲ್ಲಿ ಸಿಕ್ಕಿಹಾಕಿಕೊಂಡ ಬಸ್ಸಿನವರು ಬೈಯುತ್ತಿರುವಾಗಲೇ ಕಾರಿನ ಸನ್‌ರೂಫ್‌ನಿಂದ ನಾಯಕರು ನಿಧಾನಕ್ಕೆ ಮೇಲೇಳುತ್ತಾರೆ. ಹಿನ್ನೆಲೆಯಲ್ಲಿ ಅಣ್ಣಾವ್ರ ಹಾಡು. ಮೇಲೆ ಡ್ರೋನ್. ಸಂಜೆಗೆ ರೀಲ್ಸ್.

ಪಕ್ಷ ಯಾವುದು ಎಂದು ಕೇಳಬೇಡಿ. ಹೂವಿನಂಗಡಿ ಒಂದೇ, ಜೆಸಿಬಿ ಬಾಡಿಗೆಯೂ ಒಂದೇ.

ಹಾಗಾಗಿ ನಮ್ಮ ನಾಯಕರು ಹಳೆಯ ಸಿನಿಮಾಗಳಿಂದ ಏನೂ ಕಲಿತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎಂಟ್ರಿ ಸೀನ್ ಪೂರ್ತಿ ಬಾಯಿಪಾಠ ಆಗಿದೆ. ತೊಂದರೆ ಇಷ್ಟೇ: ಇಂಟರ್ವಲ್‌ನಲ್ಲಿ ಚುರುಮುರಿ ತಿನ್ನಲು ಹೊರಗೆ ಬಂದವರು ಮತ್ತೆ ಒಳಗೆ ಹೋಗಲೇ ಇಲ್ಲ.

1972ರ ‘ಬಂಗಾರದ ಮನುಷ್ಯ’ವನ್ನೇ ತಗೊಳ್ಳಿ. ಹುಟ್ಟುಹಬ್ಬಕ್ಕೆ ಕಟ್ಟುವ ಫ್ಲೆಕ್ಸ್‌ಗಳಲ್ಲಿ ಈ ಬಿರುದಿಗೆ ಬೇಡಿಕೆ ಜಾಸ್ತಿ. ಆದರೆ ಸಿನಿಮಾದ ರಾಜೀವ ಬಂಜರು ನೆಲ ಅಗೆದು, ಮನೆಯವರನ್ನೆಲ್ಲ ದಡ ಸೇರಿಸಿ, ಕೊನೆಗೆ ಒಂದು ಮಾತಿಗೆ ನೊಂದು ಎಲ್ಲವನ್ನೂ ಬಿಟ್ಟು ಹೊರಟುಬಿಡುತ್ತಾನೆ. ನಮ್ಮವರೂ ಬಿಡುತ್ತಾರಪ್ಪ, ಇಲ್ಲವೆನ್ನುವುದಿಲ್ಲ. ಪಕ್ಷ ಬಿಡುತ್ತಾರೆ. ‘ಕಸ್ತೂರಿ ನಿವಾಸ’ದ ನಾಯಕ ಇದ್ದುದೆಲ್ಲ ಕೊಟ್ಟು ಬರಿಗೈ ಆಗುತ್ತಾನೆ. ಅವನು ಕೊಟ್ಟ ಯಾವ ಚೀಲದ ಮೇಲೂ ಅವನ ಫೋಟೋ ಇರಲಿಲ್ಲ. ಪಾಪ, ಪ್ರಚಾರದ ಜ್ಞಾನ ಕಡಿಮೆ.

‘ಮಯೂರ’ನ ವಿಷಯ ಸ್ವಲ್ಪ ಬೇರೆ. ಅವನು ನಮ್ಮ ಜಿಲ್ಲೆಯವನು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದಲ್ಲಿ ಅವನ ಕಥೆ ಕೆತ್ತಿದೆ. ತಾತನ ಜೊತೆ ಕಂಚಿಗೆ ಓದಲು ಹೋದ ಹುಡುಗ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ ಅವಮಾನವಾಯಿತು. ಪುಸ್ತಕ ಬಿಟ್ಟು ಕತ್ತಿ ಹಿಡಿದ. 1975ರಲ್ಲಿ ಇದೇ ಕಥೆಯನ್ನು ತೆರೆಯ ಮೇಲೆ ನೋಡಿ ಇಡೀ ಕರ್ನಾಟಕ ಎದೆಯುಬ್ಬಿಸಿತು.

ಈಗ ಚುನಾವಣೆ ಬಂದಾಗಲೆಲ್ಲ ನಮ್ಮಲ್ಲಿ ಮಯೂರರು ಹುಟ್ಟುತ್ತಾರೆ. ಟಿಕೆಟ್ ಕೈತಪ್ಪಿದ ದಿನವೇ ಪ್ರೆಸ್‌ಮೀಟ್. ‘ನನಗೆ ಅವಮಾನ ಆಗಿದೆ’ ಎಂದು ಕಣ್ಣೊರೆಸಿಕೊಳ್ಳುವುದು. ಹಿಂದೆ ನಿಂತ ಬೆಂಬಲಿಗರು ತಾವೂ ಒರೆಸಿಕೊಳ್ಳುವುದು. ಮಯೂರ ಸೈನ್ಯ ಕಟ್ಟಲು ಶ್ರೀಶೈಲದ ಕಾಡಿಗೆ ಹೋದ. ಇವರು ರೆಸಾರ್ಟ್‌ಗೆ ಹೋಗುತ್ತಾರೆ. ಅಲ್ಲಿಂದ ಎಷ್ಟು ದಿನಕ್ಕೆ ವಾಪಸ್ ಬರುತ್ತಾರೆ ಎನ್ನುವುದು ಯಾವ ನಿಗಮದ ಅಧ್ಯಕ್ಷಗಿರಿ ಖಾಲಿ ಇದೆ ಎನ್ನುವುದರ ಮೇಲೆ ಹೋಗುತ್ತದೆ. ಗೂಟದ ಕಾರು ಸಿಕ್ಕ ಕೂಡಲೇ ಅವಮಾನ ವಾಸಿ.

ನ್ಯಾಯವಾಗಿ ಹೇಳಬೇಕೆಂದರೆ ಇಲ್ಲಿ ಅವರ ಕಡೆಗೂ ಒಂದು ಸಾಕ್ಷಿ ಇದೆ. ಸಿನಿಮಾ ಏನೇ ಹೇಳಲಿ, ಶಾಸನದ ಪ್ರಕಾರ ಮಯೂರನನ್ನು ಸೋಲಿಸಲಾಗದೆ ಪಲ್ಲವರು ರಾಜಿ ಮಾಡಿಕೊಂಡರು. ಅವನಿಗೆ ಒಂದಿಷ್ಟು ನಾಡನ್ನು ಬಿಟ್ಟುಕೊಟ್ಟು ತಾವೇ ಪಟ್ಟ ಕಟ್ಟಿದರು. ಅಂದರೆ ಹೈಕಮಾಂಡ್ ಸಂಧಾನಕ್ಕೆ ಕಲ್ಲಿನಲ್ಲೇ ದಾಖಲೆ ಇದೆ! ಯಾರೂ ಇನ್ನೂ ಇದನ್ನು ಭಾಷಣದಲ್ಲಿ ಬಳಸಿಲ್ಲ ಎನ್ನುವುದೇ ಆಶ್ಚರ್ಯ. ತಾಳಗುಂದಕ್ಕೆ ಹೋದವರು ಕಂಬದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬಂದಿರಬೇಕು.

ಇನ್ನು ಮಲೆನಾಡಿನ ನಾಯಕರೆಲ್ಲ ಕಡ್ಡಾಯವಾಗಿ ನೋಡಬೇಕಾದ ಸಿನಿಮಾ ಎಂದರೆ 1970ರ ‘ಸಂಸ್ಕಾರ’. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ತೆಗೆದ ಚಿತ್ರ. ಮೊದಲು ಸೆನ್ಸಾರ್‌ನವರು ಬೇಡವೆಂದರು, ಆಮೇಲೆ ರಾಷ್ಟ್ರಪ್ರಶಸ್ತಿ ಬಂತು. ಜನ ಇದನ್ನು ಜಾತಿಯ ಸಿನಿಮಾ, ಧರ್ಮದ ಸಿನಿಮಾ ಎನ್ನುತ್ತಾರೆ. ನನಗಂತೂ ಇದು ಸರ್ಕಾರಿ ಇಲಾಖೆಗಳ ಸಿನಿಮಾ.

ನೋಡಿ, ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಹೆಣ ಯಾರು ಎತ್ತಬೇಕು ಎನ್ನುವುದೇ ಪ್ರಶ್ನೆ. ನಮ್ಮದಲ್ಲ ಎಂದು ಒಬ್ಬರು, ನಿಮ್ಮದೇ ಎಂದು ಇನ್ನೊಬ್ಬರು. ತಿಳಿದವರಾದ ಪ್ರಾಣೇಶಾಚಾರ್ಯರು ಗ್ರಂಥ ತೆರೆಯುತ್ತಾರೆ, ಉತ್ತರ ಸಿಗುವುದಿಲ್ಲ. ಉಳಿದವರು ಮೇಲಿನವರನ್ನು ಕೇಳಲು ಹೊರಡುತ್ತಾರೆ. ಹೆಣ ಮಾತ್ರ ಅಲ್ಲೇ ಕೊಳೆಯುತ್ತಿರುತ್ತದೆ.

ಈಗ ನಾರಣಪ್ಪನ ಜಾಗದಲ್ಲಿ ಒಂದು ಕಾಲುಸಂಕ ಇಟ್ಟು ನೋಡಿ. ನಮ್ಮ ಕಡೆ ಹಳ್ಳ ದಾಟಲು ಕಾಲುಸಂಕವೇ ಗತಿ ಎನ್ನುವ ಊರುಗಳು ಇನ್ನೂ ಇವೆ. ಆಷಾಢದ ಮಳೆಗೆ ಅದು ಕೊಚ್ಚಿ ಹೋಯಿತು ಎಂದುಕೊಳ್ಳಿ. ಶಾಲೆ ಮಕ್ಕಳು ಆಚೆ ದಡದಲ್ಲಿ. ಗ್ರಾಮ ಪಂಚಾಯಿತಿ ತನ್ನ ಬಳಿ ಅನುದಾನ ಇಲ್ಲವೆನ್ನುತ್ತದೆ. ಲೋಕೋಪಯೋಗಿಯವರು ಅದು ನಮ್ಮ ರಸ್ತೆಯೇ ಅಲ್ಲ ಎನ್ನುತ್ತಾರೆ. ಅರಣ್ಯ ಇಲಾಖೆಯವರು ಮೌನವಾಗಿ ಬಂದು, ಈ ದಡದ ಮೂರು ಅಡಿ ನಮ್ಮದು ಎಂದು ತೋರಿಸಿ ಹೋಗುತ್ತಾರೆ. ಶಾಸಕರು ಗ್ರಂಥ ತೆರೆಯುತ್ತಾರೆ, ಅಂದರೆ ಫೈಲ್. ಅಲ್ಲಿ ಉತ್ತರ ಇಲ್ಲದಿದ್ದರೆ ‘ಮೇಲೆ ಮಾತಾಡಿದ್ದೇನೆ’ ಎನ್ನುತ್ತಾರೆ. ಮೇಲೆ ಎಂದರೆ ಎಲ್ಲಿ ಎಂದು ಈವರೆಗೆ ಯಾರೂ ಕೇಳಿಲ್ಲ.

ಸಿನಿಮಾದ ನಿಜವಾದ ತಿರುವು ಚಂದ್ರಿಯ ಒಡವೆ. ಸಂಸ್ಕಾರದ ಖರ್ಚಿಗೆ ಎಂದು ಅವಳು ಮೈಮೇಲಿನ ಚಿನ್ನ ಬಿಚ್ಚಿಟ್ಟ ಕೂಡಲೇ ಅದುವರೆಗೆ ಹಿಂದೆ ಸರಿಯುತ್ತಿದ್ದವರೆಲ್ಲರಿಗೂ ನಾರಣಪ್ಪ ಹತ್ತಿರದ ನೆಂಟನಾಗಿಬಿಡುತ್ತಾನೆ. ಇಲ್ಲೂ ಅಷ್ಟೇ. ಕಾಲುಸಂಕಕ್ಕೆ ಹಣ ಬಿಡುಗಡೆ ಆಯಿತು ಎಂಬ ಸುದ್ದಿ ಬರಲಿ, ಸಾಕು. ನಿನ್ನೆಯವರೆಗೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದ ಎಲ್ಲ ಇಲಾಖೆಗಳ ವ್ಯಾಪ್ತಿಯೂ ಒಂದೇ ರಾತ್ರಿಯಲ್ಲಿ ಹಿಗ್ಗಿ ಆ ಹಳ್ಳವನ್ನು ತಬ್ಬಿಕೊಳ್ಳುತ್ತದೆ. ಟೆಂಡರ್ ಯಾರಿಗೆ ಎನ್ನುವುದು ತೀರ್ಮಾನ ಆಗುವಷ್ಟರಲ್ಲಿ ಮುಂದಿನ ಮಳೆಗಾಲ.

ಕೊನೆಗೆ ಏನಾಗುತ್ತದೆ? ಚಂದ್ರಿ ಯಾರನ್ನೂ ಕಾಯದೆ ರಾತ್ರಿಯಲ್ಲೇ ಹೆಣ ಸುಡಿಸಿಬಿಡುತ್ತಾಳೆ. ಪಂಡಿತರ ಚರ್ಚೆ ಮಾತ್ರ ಮುಂದುವರಿಯುತ್ತದೆ. ನಮ್ಮೂರಿನವರೂ ಹಾಗೇ. ನಾಲ್ಕು ಮನೆಯವರು ಸೇರಿ, ತೋಟದಿಂದ ಅಡಿಕೆ ಮರ ಕಡಿದು ತಂದು, ಮಳೆಯಲ್ಲೇ ಹಳ್ಳಕ್ಕೆ ಅಡ್ಡ ಹಾಕಿ, ಬಳ್ಳಿ ಕಟ್ಟಿ, ಮರುದಿನ ಮಕ್ಕಳನ್ನು ದಾಟಿಸುತ್ತಾರೆ. ಇತ್ತ ಜಿಲ್ಲಾ ಕೇಂದ್ರದಲ್ಲಿ ಪರಿಶೀಲನಾ ಸಭೆ ನಡೆದೇ ಇರುತ್ತದೆ, ಗೋಡಂಬಿ ಸಮೇತ.

ಸಣ್ಣ ಸಂಕದ ಮಾತಾಯಿತು. ದೊಡ್ಡದಕ್ಕೆ ‘ದ್ವೀಪ’ ಇದೆ. ಸಾಗರದ ನಾ. ಡಿಸೋಜ ಬರೆದ ಕಥೆ, ಗಿರೀಶ್ ಕಾಸರವಳ್ಳಿ 2002ರಲ್ಲಿ ಮಾಡಿದ ಸಿನಿಮಾ. ಅಣೆಕಟ್ಟೆಯ ನೀರು ಏರುತ್ತಿದ್ದರೂ ಊರು ಬಿಡದ ಸಂಸಾರ. ಆ ಮಳೆಯಲ್ಲಿ ಹೋರಾಡಿ ಬದುಕು ಉಳಿಸಿದವಳು ನಾಗಿ. ಗಂಡ ಮಾತ್ರ ಎಲ್ಲ ದೇವರ ದಯೆ ಎಂದುಬಿಡುತ್ತಾನೆ. ಶ್ರಮ ಒಬ್ಬರದು, ಕ್ರೆಡಿಟ್ ಇನ್ನೊಬ್ಬರಿಗೆ.

ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಹಿನ್ನೀರಿನಾಚೆ ಉಳಿದ ತುಮರಿ ಕಡೆಯವರು ಅಲ್ಲಿಂದ ಸಾಗರಕ್ಕೆ ಬರಲು ಲಾಂಚ್ ಕಾಯುತ್ತಲೇ ಮುದುಕರಾದರು. ಕತ್ತಲಾದ ಮೇಲೆ ಕಾಯಿಲೆ ಬಿದ್ದವರ ಕಥೆ ಕೇಳಲೇಬೇಡಿ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈಯಲ್ಲಿ. ಎರಡು ಕಿಲೋಮೀಟರಿಗೂ ಉದ್ದದ, ನಿಜಕ್ಕೂ ಚೆಂದದ ಸೇತುವೆ. ಆ ವಾರ ಪತ್ರಿಕೆಗಳಲ್ಲಿ ಏನು ಬಂತು? ಆಹ್ವಾನ ಯಾರಿಗೆ ಯಾವಾಗ ತಲುಪಿತು, ಯಾರಿಗೆ ತಲುಪಲಿಲ್ಲ, ಶಿಷ್ಟಾಚಾರ ಮುರಿದವರು ಯಾರು. ಅರವತ್ತೊಂದು ವರ್ಷ ಕಾದವರಿಗೆ ಆಹ್ವಾನ ಬಂತಾ ಎಂದು ಯಾರೂ ಜಗಳ ಮಾಡಲಿಲ್ಲ. ಅವರು ಸುಮ್ನೆ ಬಂದು ನೋಡಿಕೊಂಡು ಹೋದರು. ಸೇತುವೆ ಯಾರಿಂದ ಬಂತು ಎನ್ನುವುದಕ್ಕೆ ಫ್ಲೆಕ್ಸ್‌ಗೊಂದು ಹೆಸರು. ನಾಗಿಯ ಹೆಸರು ಒಂದರಲ್ಲೂ ಇಲ್ಲ.

ಇಷ್ಟೆಲ್ಲ ಯೋಚಿಸಿ ನನ್ನದೊಂದು ಸಲಹೆ. ಪ್ರಮಾಣವಚನಕ್ಕೆ ಮೊದಲು ಪ್ರತಿಯೊಬ್ಬ ನಾಯಕರನ್ನೂ ಒಂದು ಥಿಯೇಟರಿನಲ್ಲಿ ಕೂರಿಸಬೇಕು. ಮೊಬೈಲ್ ಹೊರಗಿಡಬೇಕು. ಇಂಟರ್ವಲ್ ಕೊಡಬಾರದು. ಹಾಕಬೇಕಾದದ್ದು ‘ತಬರನ ಕಥೆ’. ನಮ್ಮ ಮೂಡಿಗೆರೆಯ ತೇಜಸ್ವಿ ಬರೆದದ್ದು, 1986ನೇ ಸಾಲಿನ ಅತ್ಯುತ್ತಮ ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ನಿವೃತ್ತ ಜವಾನ ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅತ್ತ ಹೆಂಡತಿಯ ಕಾಲು ಕೊಳೆಯುತ್ತಿರುತ್ತದೆ. ಹಣ ಬರುವಷ್ಟರಲ್ಲಿ ಅವಳಿಲ್ಲ. ಇದರಲ್ಲಿ ಎಂಟ್ರಿ ಸೀನ್ ಇಲ್ಲ, ಹೊಡೆದಾಟ ಇಲ್ಲ, ಖಳನಾಯಕ ಯಾರೆಂದು ಬೆರಳು ಮಾಡಿ ತೋರಿಸುವ ಹಾಗೂ ಇಲ್ಲ.

ನಾಯಕರು ಪೂರ್ತಿ ನೋಡುತ್ತಾರೆ ಎಂದೇ ಇಟ್ಟುಕೊಳ್ಳೋಣ. ಕಣ್ಣು ಒದ್ದೆಯಾಗುತ್ತದೆ, ಅದರಲ್ಲಿ ಅವರಿಗೆ ಅಭ್ಯಾಸ ಇದೆ. ‘ಛೆ, ಆ ಕಾಲದಲ್ಲಿ ಎಂಥಾ ಸರ್ಕಾರ ಇತ್ತು ನೋಡಿ’ ಎನ್ನುತ್ತಾ ಹೊರಗೆ ಬರುತ್ತಾರೆ. ಬಾಗಿಲಲ್ಲಿ ಪಿಎ ಕಾಯುತ್ತಿರುತ್ತಾನೆ.

‘ಸಾರ್, ಹೊಸನಗರ ಕಡೆಯಿಂದ ಯಜಮಾನರೊಬ್ಬರು ಬಂದಿದ್ದಾರೆ. ಬೆಳಗ್ಗೆಯಿಂದ ಕೂತಿದ್ದಾರೆ. ಪಿಂಚಣಿ ವಿಷಯವಂತೆ.’

‘ಸೋಮವಾರ ಬರೋಕೆ ಹೇಳಪ್ಪ.’